ಛಾವಣಿಯ ಕೆಳಗಿನ ಕುರ್ಚಿ

ಪುಣೆಯ ಪೊಲೀಸ್ ವಸತಿಗೃಹದಲ್ಲಿ ನಮ್ಮ ಎದುರುಮನೆಯಾಕೆ ಹೆಡ್ ಕಾನ್‌ಸ್ಟೇಬಲ್, ವಿಜಯಪುರದ ಕಡೆಯವರು. ಯಾರು ಬಾಗಿಲಿಗೆ ಬಂದರೂ, "ನಿಂತು ಮಾತಾಡಬ್ಯಾಡ್ರಿ, ಒಳಗ ಬರ್ರಿ" ಎನ್ನುತ್ತ, ಸಮವಸ್ತ್ರದ ಬೆಲ್ಟು ಬಿಚ್ಚುವ ಮೊದಲೇ ಚಹಾಕ್ಕಿಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಛಾವಣಿಯ ಗಾರೆ ಕಳಚಿ ಆಕೆಯ ಮಗಳ ಹಾಸಿಗೆಯ ಮೇಲೆ ಬಿತ್ತು. ಪುಣ್ಯಕ್ಕೆ ಹುಡುಗಿ ಶಾಲೆಯಲ್ಲಿದ್ದಳು. ದುರಸ್ತಿ ಯಾರ ಕೆಲಸವೆಂದು ಪೊಲೀಸ್ ಇಲಾಖೆ ಮತ್ತು ಲೋಕೋಪಯೋಗಿ ಇಲಾಖೆ ಒಂದರತ್ತ ಒಂದು ಬೆರಳು ತೋರಿಸುತ್ತಿದ್ದವು.

ಹೊಸ ಸಾಹೇಬರು ತಪಾಸಣೆಗೆ ಬರುವ ಮುನ್ನ ಇಲಾಖೆಯವರು ಹೊರಗೋಡೆಗಷ್ಟೇ ಬಣ್ಣ ಬಳಿಸಿದರು. ಅಂಗಳದಿಂದಲೇ ಹಿಂದಿರುಗಲಿದ್ದ ಸಾಹೇಬರಿಗೆ ಆಕೆ ಸೆಲ್ಯೂಟ್ ಹೊಡೆದು, ಚಹಾಕ್ಕೆ ಕರೆತಂದು, ಕಬ್ಬಿಣದ ಸರಳು ಕಾಣುತ್ತಿದ್ದ ಛಾವಣಿಯ ಕೆಳಗೇ ಕುರ್ಚಿ ಹಾಕಿದರು. ಸಾಹೇಬರು ಮೇಲೆ ನೋಡಿ ಕುರ್ಚಿಯನ್ನು ಗೋಡೆಯತ್ತ ಎಳೆದುಕೊಂಡರು.

"ಮೊದಲು ಕುರ್ಚಿ ಇದ್ದಲ್ಲೇ ನನ್ನ ಮಗಳು ಮಲಗುತ್ತಾಳೆ, ಸರ್. ಬೇರೆ ಜಾಗವಿಲ್ಲ," ಎಂದರು ಆಕೆ ಮರಾಠಿಯಲ್ಲಿ, ಮೆಲ್ಲಗೆ.

ಸಾಹೇಬರು ಚಹಾ ಮುಗಿಸಿ ಹೋದರು. ಎದುರು ಬಾಗಿಲಿನಿಂದ ನೋಡುತ್ತಿದ್ದ ನಾನು ಒಳಹೊಕ್ಕಾಗ ಆಕೆ ಕಪ್ಪು ತೊಳೆಯುತ್ತಿದ್ದರು.

"ಅಂಜಿಕಿ ಆಗ್ಲಿಲ್ಲೇನ್ರಿ?" ಎಂದೆ.

"ಭಾಳ ಆತ್ರಿ. ಆದ್ರ ದಿನಾ ಈ ತಲಿ ಮ್ಯಾಲಿನ ಛತ್ತಿಗಿ ಅಂಜಿ ಸಾಕಾಗಿತ್ತು."

ಮರುವಾರವೇ ಕೆಲಸಗಾರರು ಬಂದು ಎಲ್ಲರ ಛಾವಣಿಯನ್ನೂ ಗಟ್ಟಿ ಮಾಡಿದರು. ಆಕೆಯ ಮಗಳು ಮಾತ್ರ ಆ ಛಾವಣಿಯನ್ನು ನಂಬದೆ ಬಹುಕಾಲ ಅಡುಗೆಮನೆಯ ಹೊಸ್ತಿಲ ಬಳಿ ಮಲಗುತ್ತಿದ್ದಳು.