ಡೋಲ್ಮಾ ಆಂಟಿಯ ರೆಪ್ಪೆ

ಡೋಲ್ಮಾ ಆಂಟಿಗೆ ಸಿಟ್ಟು ಬಂದಾಗ ಕನ್ನಡ ಬರುತ್ತಿತ್ತು. ಡಚ್ಚರ ನಾಡಿನ ಆಮರ್ಸ್‌ಫೋರ್ಟ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ನಾನು ಮೊದಲ ಸಲ ಕೋಟು ಹಿಡಿದುಕೊಂಡು ಒಳಗೆ ಹೋದಾಗ, ತುಂಬ ಎತ್ತರದ ಡಚ್ಚನೊಬ್ಬ ಕೊಳೆಯಾದ ಪ್ಯಾಂಟನ್ನು ಕೌಂಟರಿನ ಮೇಲೆ ಎಸೆದು ಹೊರಟಿದ್ದ. ಅವನ ಬೆನ್ನಿಗೆ ಆಂಟಿ, “ಒಗೆದು ತರೋಕೆ ಏನಪ್ಪಾ ರೋಗ ನಿಂಗೆ?” ಎಂದರು. ಟಿಬೆಟನ್ ಮುಖ, ಪಿರಿಯಾಪಟ್ಟಣದ ಸಂತೆಯ ಕನ್ನಡ. ನಾನೂ ಪಿರಿಯಾಪಟ್ಟಣದವಳು. ಕೋಟು ಕೊಡುವುದನ್ನೂ ಮರೆತು ನಿಂತುಬಿಟ್ಟೆ.

ಅವರು ಹುಟ್ಟಿದ್ದು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಲ್ಲಿ. ಚಳಿಗಾಲದಲ್ಲಿ ತಾಯಿಯ ಜೊತೆ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತ ಕನ್ನಡ ಕಲಿತವರು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಗಂಡ ತೀರಿಕೊಂಡಿದ್ದರು. ಮಗಳು ನೈಮೆಗನ್‌ನಲ್ಲಿ ಕೆಲಸದಲ್ಲಿದ್ದಳು. ಪ್ರತಿ ಶನಿವಾರ ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೈಸಿಕೊಳ್ಳುವುದು ನನಗೆ ರೂಢಿಯಾಯಿತು. ಗುಂಡಿ ಕಿತ್ತುಹೋಗಿದ್ದರೆ ಬೈಗುಳ, ಊಟ ಮಾಡದೆ ಬಂದರೆ ಬೈಗುಳ, ಅಮ್ಮನಿಗೆ ಫೋನ್ ಮಾಡಿಲ್ಲವೆಂದರೆ ಇನ್ನೂ ದೊಡ್ಡ ಬೈಗುಳ. ಬೈಯುತ್ತಲೇ ಗುಂಡಿ ಹೊಲಿದು, ಬೆಣ್ಣೆ ಹಾಕಿದ ಚಹಾ ಮುಂದಿಡುತ್ತಿದ್ದರು.

ಅರವತ್ತು ದಾಟುತ್ತಿದ್ದಂತೆ ಅವರ ಮೇಲಿನ ರೆಪ್ಪೆಗಳ ಚರ್ಮ ಜೋತು ಕಣ್ಣಿಗೆ ಅಡ್ಡ ಬಂತು. ಸೂಜಿ ಕಾಣಲೆಂದು ಹುಬ್ಬನ್ನು ಹಣೆಗೇರಿಸಿ, ತಲೆಯನ್ನು ಹಿಂದಕ್ಕೆ ವಾಲಿಸಿ ಹೊಲಿಯುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಹಣೆಯೆಲ್ಲ ನೋವು. ಕೊನೆಗೆ ರೆಪ್ಪೆಯನ್ನೆತ್ತಿ ಟೇಪು ಅಂಟಿಸಿಕೊಳ್ಳತೊಡಗಿದರು. ಮನೆಯ ಹತ್ತಿರದ ಡಾಕ್ಟರು ಆಪರೇಷನ್ನಿಗೆಂದು ಒಂದು ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟರು. ಆಂಟಿಯ ಡಚ್ ಭಾಷೆ ಅಂಗಡಿಗೆ ಸಾಕಾಗುವಷ್ಟೇ ಇತ್ತು. ಮಗಳಿಗೆ ರಜೆ ಇರಲಿಲ್ಲ. ಮಾತು ದಾಟಿಸಲು ನಾನು ಹೋದೆ.

ಸರ್ಜನ್ ನಗುಮುಖದವರು. ಮೂರು ದಾರಿಗಳನ್ನು ವಿವರಿಸಿದರು. ರೆಪ್ಪೆಯ ಚರ್ಮ ತೆಗೆದು, ಕಣ್ಣಿನ ಮೇಲೆ ಎದ್ದು ಕಾಣುವ ಹೊಸ ಮಡಿಕೆ ಕೂರಿಸುವುದು ಒಂದು. ರೆಪ್ಪೆಗೂದಲಿಗೆ ಹತ್ತಿರದಲ್ಲಿ ಸ್ವಲ್ಪವೇ ತೆಗೆದು, ಮಡಿಕೆ ಕಾಣದ ಹಾಗೆ ಹೊಲಿಯುವುದು ಇನ್ನೊಂದು. ರೆಪ್ಪೆಯನ್ನು ಮುಟ್ಟದೆ, ಹುಬ್ಬಿನ ಕೆಳಗಿನ ಚರ್ಮ ತೆಗೆದು ಮೇಲೆತ್ತುವುದು ಮೂರನೆಯದು. ತಾವು ಸಾಮಾನ್ಯವಾಗಿ ಮಾಡುವುದು ಮೊದಲನೆಯದನ್ನೇ, ಏಷ್ಯನ್ ಹೆಂಗಸರಿಗೆ ಅದರಿಂದ ಕಣ್ಣು ಅರಳುತ್ತದೆ, ಖುಷಿಪಡುತ್ತಾರೆ ಎಂದು ಫೋಟೋಗಳನ್ನು ತೋರಿಸಿದರು.

ಆಂಟಿ ಫೋಟೋಗಳನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು. “ಅರಳೋ ಕಣ್ಣು ನಂಗೆ ಬೇಡ ಅನ್ನು. ಸೂಜಿ ಕಂಡ್ರೆ ಸಾಕು. ಇದು ನಮ್ಮಮ್ಮನ ಕಣ್ಣು, ಮಡಿಕೆಗಿಡಿಕೆ ಇಡೋದು ಬೇಡ. ಹುಬ್ಬಿನ ಕೆಳಗಿಂದ ತೆಗೀಲಿ. ಹೆಚ್ಚಿಗೆ ಕತ್ತರಿಸಿದ್ರೆ ನಾನು ಸುಮ್ನಿರಲ್ಲ, ಅದನ್ನೂ ಹೇಳು.”

ನಾನು ಹೇಳಲಿಲ್ಲ. ಈ ದೇಶಕ್ಕೆ ಪರ್ಮಿಟ್ಟಿನ ಮೇಲೆ ಬಂದವಳು, ಇಲ್ಲಿನವರ ಮುಂದೆ ಎಲ್ಲವನ್ನೂ ಮೆತ್ತಗೆ ಮಾಡಿ ಆಡುವ ಚಾಳಿ ನನಗೆ ಅಂಟಿಬಿಟ್ಟಿತ್ತು. ಮೆವ್ರೌಗೆ, ಎಂದರೆ ಮೇಡಂಗೆ, ‘ನಾಟೂರ್ಲಿಕ್’ ಆಗಿ ಕಾಣಬೇಕಂತೆ ಎಂದೆ. ಆ ಡಚ್ ಪದಕ್ಕೆ ಸಹಜ ಎಂಬ ಅರ್ಥವೂ ಇದೆ, ಖಂಡಿತ ಎಂಬ ಅರ್ಥವೂ ಇದೆ. ಸರ್ಜನ್ ಕೂಡ “ನಾಟೂರ್ಲಿಕ್” ಎಂದು ತಲೆಯಾಡಿಸಿ ಬರೆದುಕೊಂಡರು. ಮೂರರಲ್ಲಿ ಯಾವುದು ಎಂದು ಅವರು ಕೇಳಲಿಲ್ಲ. ಒಪ್ಪಿಗೆ ಪತ್ರದಲ್ಲಿ ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದವಳೂ ನಾನೇ.

ಆಪರೇಷನ್ ಆಗಿ ಬಾವು ಇಳಿದ ಮೇಲೆ ನೋಡಿದರೆ ಎರಡೂ ರೆಪ್ಪೆಗಳ ಮೇಲೆ ಆಳವಾದ ಮಡಿಕೆ. ಎಡಗಣ್ಣು ಪೂರ್ತಿ ಮುಚ್ಚುತ್ತಲೇ ಇರಲಿಲ್ಲ. ಮುಲಾಮು ಹಚ್ಚಿಕೊಂಡು, ಬಟ್ಟೆ ಕಟ್ಟಿಕೊಂಡು ಮಲಗಬೇಕಾಯಿತು. ಬೈಲಕುಪ್ಪೆಯಲ್ಲಿದ್ದ ಅವರ ಅಕ್ಕ ವಿಡಿಯೋದಲ್ಲಿ ತುಂಬ ಹೊತ್ತು ನೋಡಿ, ಬಿಳಿಯರ ಹಾಗೆ ಕಾಣಲು ಮಾಡಿಸಿಕೊಂಡೆಯಾ ಎಂದು ಕೇಳಿದರಂತೆ. ಅಂದಿನಿಂದ ಆಂಟಿ ಕ್ಯಾಮೆರಾ ಆಫ್ ಮಾಡಿಯೇ ಮಾತಾಡುತ್ತಿದ್ದರು.

ದೂರು ಕೊಟ್ಟೆವು. ಕ್ಲಿನಿಕ್ಕಿನ ಹೆಂಗಸೊಬ್ಬಳು ನಮ್ಮೆದುರು ಫೈಲ್ ಓದಿದಳು: ಭಾಷೆ ಬಲ್ಲವರು ಜೊತೆಗಿದ್ದರು, ರೋಗಿ ಸಹಜ ರೂಪ ಬಯಸಿದ್ದರು, ಸಹಿ ಇದೆ. ಎಷ್ಟೋ ಹೆಂಗಸರು ಇದನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ ಎಂದೂ ಸೇರಿಸಿದಳು. ಆಂಟಿ ತಮ್ಮ ಹರಕು ಡಚ್‌ನಲ್ಲಿ, “ನಾನು ಬೇಡ ಅಂದಿದ್ದೆ” ಎಂದರು. ಅವಳು ನನ್ನತ್ತ ನೋಡಿದಳು. ನಾನು ಇದ್ದದ್ದು ಇದ್ದಹಾಗೆ ಹೇಳಿದೆ: ಅವರು ಬೇಡ ಅಂದಿದ್ದರು, ನಾನು ದಾಟಿಸಲಿಲ್ಲ.

ಅವಳಿಗೆ ಬೇಕಾಗಿದ್ದು ಅಷ್ಟೇ. ತಪ್ಪು ರೋಗಿಯ ಜೊತೆ ಬಂದವರದು ಎಂದು ಬರೆದು ಫೈಲ್ ಮುಚ್ಚಿದಳು. ಮೂರು ದಾರಿ ತೋರಿಸಿದ ಮನುಷ್ಯ ಯಾವುದು ಬೇಕೆಂದು ಒಂದು ಮಾತು ಕೇಳಬಾರದಿತ್ತೇ, ಎದುರು ಕೂತ ಆಂಟಿಯ ಮುಖ ನೋಡಿದ್ದರೂ ತಿಳಿಯುತ್ತಿರಲಿಲ್ಲವೇ ಎಂದು ನಾನು ಕೂಗಾಡಿದೆ. ನನ್ನ ಗಂಟಲು ಅಲ್ಲಿ ತೆರೆದುಕೊಂಡಿತು, ಆರು ತಿಂಗಳು ತಡವಾಗಿ.

ಹೊರಗೆ ಬಸ್‌ಸ್ಟಾಪಿನಲ್ಲಿ ಆಂಟಿ ಹೇಳಿದರು: “ಅವತ್ತೇ ಗೊತ್ತಾಯ್ತು ನಂಗೆ. ನಾನಂದಿದ್ದು ಇಷ್ಟುದ್ದ, ನೀನಂದಿದ್ದು ಒಂದೇ ಮಾತು.”

“ಮತ್ತೆ ಯಾಕೆ ಸುಮ್ನಿದ್ರಿ ಆಂಟಿ?”

“ಓದಿದೋಳು. ಇವ್ರ ಹತ್ರ ಹೆಂಗೆ ಮಾತಾಡ್ಬೇಕು ಅಂತ ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ.”

ಆಮೇಲೆ ಅವರು ಅಂಗಡಿ ಮುಚ್ಚಿ ಮಗಳ ಮನೆಗೆ ಹೊರಟರು. ಅಲ್ಲಿನ ಇನ್ನೊಬ್ಬ ಸರ್ಜನ್, ಬೇರೆ ಕಡೆಯ ಚರ್ಮ ಕೂಡಿಸಿ ಎಡಗಣ್ಣು ಮುಚ್ಚುವಂತೆ ಮಾಡಬಹುದು, ಮಡಿಕೆ ಮಾತ್ರ ಹೋಗುವುದಿಲ್ಲ ಎಂದಿದ್ದರು. ನಾನೂ ಬರುತ್ತೇನೆ ಎಂದೆ. “ಬೇಡ, ಈ ಸಲ ನಾನೇ ಮಾತಾಡ್ತೀನಿ” ಎಂದು ಒಂದು ಕಾಗದ ಕೊಟ್ಟು, ಕಾಗುಣಿತ ನೋಡು ಎಂದರು. ಅಡ್ಡಾದಿಡ್ಡಿ ಡಚ್‌ನಲ್ಲಿ ಬರೆದಿದ್ದರು: ಮಡಿಕೆ ನಾನು ಕೇಳಿರಲಿಲ್ಲ. ನನ್ನ ಮುಖ ಹಾಳು ಮಾಡಿದ್ದಾರೆ. ನೀನು ಕತ್ತರಿ ಎತ್ತುವ ಮೊದಲು ನನ್ನನ್ನು ಕೇಳು. ಎಲ್ಲ ಸಾಲಲ್ಲೂ ತಪ್ಪಿತ್ತು, ಎಲ್ಲ ಸಾಲೂ ಒರಟಾಗಿತ್ತು. ಒಂದಕ್ಷರವನ್ನೂ ತಿದ್ದದೆ ವಾಪಸ್ ಕೊಟ್ಟೆ. ಅವರು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದರು.

ಎಡಗಣ್ಣು ಈಗ ಮುಚ್ಚುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಆಂಟಿ ನನ್ನ ಬಗ್ಗೆ ಕೇಳಿದರಾ ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ. ಅವಳೂ ಹೇಳಲಿಲ್ಲ.