ಜಾರಿಗೆ ಬಂದ ದಿನಾಂಕ

ಜಯಪಾಲ ಮಗದುಮ ಒಂದು ಕಡೆ ಕೂತು ಗೊತ್ತಿದ್ದವರಲ್ಲ. ಮಿರಜದ ಮನೆಯಲ್ಲಿ ಚಹಾ ಕುಡಿಯುವಾಗಲೂ ಕಪ್ಪು ಹಿಡಿದುಕೊಂಡು ಪಡಸಾಲೆಗೂ ಬಾಗಿಲಿಗೂ ಅಡ್ಡಾಡುತ್ತಿದ್ದರು. ಅಣ್ಣಂದಿರಿಬ್ಬರು ಸಾಂಗ್ಲಿಯಲ್ಲಿ ಅರಿಶಿನದ ವ್ಯಾಪಾರ ಹಿಡಿದು ನೆಲೆ ನಿಂತಿದ್ದರು. ಕಿರಿಯವರಾದ ಇವರು ಕೊಲ್ಹಾಪುರದಲ್ಲಿ ಕಾಯ್ದೆ ಓದಿ ಬಂದು, ಜಿಲ್ಲಾ ಸರ್ಕಾರಿ ವಕೀಲರ ಕೈಕೆಳಗೆ ಸಹಾಯಕರಾಗಿ ಸೇರಿ ಹದಿನಾಲ್ಕು ವರ್ಷವಾಗಿತ್ತು.

ಕೋರ್ಟಿನಲ್ಲಿ ನಿಂತು ವಾದ ಮಾಡುವುದು ಅವರ ಕೆಲಸದಲ್ಲಿ ಅರ್ಧ ಪಾಲು. ಇನ್ನರ್ಧ ಯಾರ ಕಣ್ಣಿಗೂ ಬೀಳದ್ದು. ಸರ್ಕಾರದ ಯಾವ ಖಾತೆಗಾದರೂ ಕಾಯ್ದೆಯ ಬಗ್ಗೆ ಸಂಶಯ ಬಂದರೆ ‘ಅಭಿಪ್ರಾಯ ಕೋರಿದೆ’ ಎಂಬ ಚೀಟಿ ಹಚ್ಚಿ ಕಡತ ಕಳಿಸುತ್ತಿದ್ದರು. ಜಯಪಾಲರು ಓದಿ, ಉತ್ತರ ಬರೆದು ಕೊಡುತ್ತಿದ್ದರು. ಕೆಳಗೆ ಸಹಿ ಹಿರಿಯ ವಕೀಲರಾದ ದಾದಾಸಾಬರದು. ಆ ದಿನಗಳಲ್ಲಿ ಕಡತಗಳು ರಾಶಿರಾಶಿಯಾಗಿ ಬರುತ್ತಿದ್ದವು. ಮೂರು ಊರು ಕೂಡಿಸಿ ಒಂದು ಮಹಾನಗರಪಾಲಿಕೆ ಆಗಿ ಐದು ವರ್ಷ ಕಳೆದಿತ್ತು. ಸಾಂಗ್ಲಿ ಮಿರಜಗಳ ನಡುವಿನ ಕಬ್ಬಿನ ಹೊಲಗಳಲ್ಲಿ ಅಪಾರ್ಟ್‌ಮೆಂಟು ಏಳುತ್ತಿದ್ದವು, ಕುಪವಾಡದ ಕಾರ್ಖಾನೆಗಳಿಗೆ ಇನ್ನಷ್ಟು ಜಾಗ ಬೇಕಾಗಿತ್ತು. ಯಾವ ಜಮೀನನ್ನು ಯಾವ ಕಾಯ್ದೆಯಡಿ ತೆಗೆದುಕೊಳ್ಳಬೇಕು, ಯಾವ ನೋಟೀಸು ಸಿಂಧು, ಯಾವುದು ಅಸಿಂಧು ಎಂಬ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ತಾವು ಬರೆದ ಅಭಿಪ್ರಾಯ ಒಂದೂ ಸುಳ್ಳಾಗಿಲ್ಲ ಎಂಬ ಹೆಮ್ಮೆ ಜಯಪಾಲರಿಗಿತ್ತು. ಅದನ್ನು ಹೆಂಡತಿ ಶಾಲನ ಅವರ ಮುಂದೆ ಬಿಟ್ಟು ಬೇರೆಲ್ಲೂ ಆಡುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಗುರುವಾರ ಜಿಲ್ಲಾಧಿಕಾರಿ ಕಚೇರಿಯಿಂದ ತೆಳ್ಳಗಿನ ಕಡತವೊಂದು ಬಂತು. ಮಿರಜದ ಪೂರ್ವಕ್ಕೆ, ಗಡಿಯ ಕಡೆಯ ಒಂದು ಹಳ್ಳಿಯ ಸರಪಂಚ ಮಂದಾ ಎಂಬಾಕೆಯ ಮೇಲೆ ದೂರು. ಆಕೆಗೆ ಮೂರನೆಯ ಮಗು ಹುಟ್ಟಿದೆ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿಯಲ್ಲಿ ಇರಬಾರದೆಂದು ಕಾಯ್ದೆಯಿದೆ, ಆಕೆಯನ್ನು ಇಳಿಸಬೇಕು ಎಂದು ಚುನಾವಣೆಯಲ್ಲಿ ಸೋತ ಧೋಂಡಪ್ಪ ಬರೆದಿದ್ದ. ವಿಚಾರಣೆಗೆ ಮಂದಾ ವಕೀಲರಿಲ್ಲದೆ ಬಂದಿದ್ದಳು. ಮಗು ನಾದಿನಿಯದು ಎಂದು ಹೇಳಿಬಿಡು ಎಂದು ಊರಿನ ಕೆಲವರು ಕಲಿಸಿ ಕಳಿಸಿದ್ದರಂತೆ. ಆಕೆ ಮಾತ್ರ, “ಮಗು ನಂದs ಐತ್ರಿ,” ಎಂದು ಬರೆಸಿ ಹೆಬ್ಬೆರಳಲ್ಲ, ಸಹಿಯನ್ನೇ ಹಾಕಿ ಹೋಗಿದ್ದಳು.

ಕಾಯ್ದೆಯಲ್ಲಿ ಒಂದು ವಿನಾಯಿತಿ ಇತ್ತು. ಕಾಯ್ದೆ ಜಾರಿಗೆ ಬಂದು ಒಂದು ವರ್ಷದೊಳಗೆ ಹುಟ್ಟಿದ ಮಗುವನ್ನು ಎಣಿಸುವಂತಿಲ್ಲ. ಜಯಪಾಲರು ಪುಸ್ತಕ ತೆಗೆದು, ತಲೆಬರಹದ ಕೆಳಗೆ ಅಚ್ಚಾಗಿದ್ದ ದಿನಾಂಕ ನೋಡಿ, ವರ್ಷ ಎಣಿಸಿದರು. ಮಗು ಅದರಾಚೆ ಹುಟ್ಟಿತ್ತು. ಎರಡು ಕೇಸುಗಳ ನಡುವಿನ ಅರ್ಧ ಗಂಟೆಯಲ್ಲಿ ಒಂದೂವರೆ ಪುಟ ಬರೆದು ಕೊಟ್ಟರು. ಹತ್ತು ದಿನದಲ್ಲಿ ಆದೇಶ ಹೊರಟಿತು, ಮಂದಾ ಅನರ್ಹಳಾದಳು.

ಆದೇಶವಾದ ಒಂಬತ್ತನೆಯ ದಿನ ಬೇರೊಂದು ತಾಲೂಕಿನಿಂದ ಅದೇ ಪ್ರಶ್ನೆಯ ಮತ್ತೊಂದು ಕಡತ ಬಂತು. ಅಲ್ಲಿಯ ಗುಮಾಸ್ತ ಯಾರೋ ಅಚ್ಚುಕಟ್ಟಿನವನು, ರಾಜಪತ್ರದ ಪ್ರತಿಯನ್ನೂ ಟಾಚಣಿ ಚುಚ್ಚಿ ಇಟ್ಟಿದ್ದ. ಅದರಲ್ಲಿ ಎರಡು ದಿನಾಂಕಗಳಿದ್ದವು. ಕಾಯ್ದೆ ಪ್ರಕಟವಾದದ್ದು ಒಂದು ದಿನ. ಸರ್ಕಾರ ಅದನ್ನು ಜಾರಿಗೆ ತಂದದ್ದು ಕೆಲವು ವಾರಗಳ ನಂತರ, ಇನ್ನೊಂದು ದಿನ. ಜಯಪಾಲರು ಎದ್ದು ನಿಂತರು. ಮಂದಾಳ ಮಗುವಿನ ಹುಟ್ಟಿದ ದಿನ ಅವರ ತಲೆಯಲ್ಲೇ ಇತ್ತು. ಬೆರಳು ಮಡಚಿ ಎಣಿಸಿದರು, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮತ್ತೆ ಎಣಿಸಿದರು. ಮಗು ಗಡುವಿನ ಒಳಗೇ ಹುಟ್ಟಿತ್ತು, ಇನ್ನೂ ಹನ್ನೊಂದು ದಿನ ಬಾಕಿಯಿರುವಾಗ.

ದಾದಾಸಾಬರು ಕಡತ ನೋಡಿ ಕನ್ನಡಕ ತೆಗೆದಿಟ್ಟರು. ಆದೇಶವಾದ ಹದಿನೈದು ದಿನದೊಳಗೆ ಆಕೆ ಪುಣೆಯ ಆಯುಕ್ತರಲ್ಲಿ ಅಪೀಲು ಹಾಕಿದರೆ ಅಲ್ಲಿ ಸರಿಹೋಗುತ್ತದೆ, ನಾವು ಯಾಕೆ ಬಾಯಿ ಬಿಡಬೇಕು ಎಂದು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಸರ್ಕಾರಕ್ಕೆ ಕೊಟ್ಟ ಅಭಿಪ್ರಾಯ ಗುಪ್ತವಾದದ್ದು, ಎದುರಿನವರಿಗೆ ಹೇಳುವಂತಿಲ್ಲ ಎಂದು ನೆನಪಿಸಿದರು. ಸಹಾಯಕ ವಕೀಲರ ಹೊಸ ಪಟ್ಟಿ ಮುಂದಿನ ತಿಂಗಳು ಆಗುವುದಿದೆ ಎಂಬುದನ್ನೂ ಸೇರಿಸಿದರು.

ಆ ದಿನ ಜಯಪಾಲರು ಬಸ್ಸು ಹತ್ತದೆ ಸಾಂಗ್ಲಿಯಿಂದ ಮಿರಜಕ್ಕೆ ನಡೆದೇ ಹೊರಟರು. ವಿಶ್ರಾಮಬಾಗದ ಹತ್ತಿರ ಕಾಲು ಸೋತು ರಿಕ್ಷಾ ಹಿಡಿದರು. ಮನೆಯಲ್ಲಿ ಮಗಳು ಮೃಣಾಲ ಎರಡು ಸಲ, “ಪಪ್ಪಾ, ಜೇವಾಯಲಾ ಯಾ,” ಎಂದು ಊಟಕ್ಕೆ ಕರೆದಳು. ಅವರು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಹೋಗುತ್ತಲೇ ಇದ್ದರು.

ಶಾಲನ ತಾಟಿಗೆ ಮುಚ್ಚಳ ಹಾಕಿ ಹೊರಗೆ ಬಂದರು. “ಏನಾಗೇತಿ ಹೇಳ್ರಿ. ನೀವು ಹಿಂಗ ತಿರಗೂದು ನೋಡಿ ನನಗ ತಲಿ ತಿರಗಾಕ ಹತ್ತೇತಿ.”

ಅವರು ಹೇಳಿದರು. ಶಾಲನ ಪೂರ್ತಿ ಕೇಳಿಸಿಕೊಂಡು, “ಆಕೀ ಅಪೀಲ ಹಾಕ್ಯಾಳೇನು?” ಎಂದರು.

“ಇನ್ನೂ ಇಲ್ಲ. ವಿಚಾರಸೇನಿ.”

“ಹಾಕ್ದಿದ್ರ?”

“ಮುಗೀತು. ನಾ ಬರದದ್ದs ಖರೇ ಆಗ್ತೇತಿ.”

ಶಾಲನ ಒಳಗೆ ಹೋಗಿ ತಾಟನ್ನು ತಂದು ಅವರ ಮುಂದಿಟ್ಟರು.

ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಹೋಗಿ ಕೂತು ಹೊಸ ಅಭಿಪ್ರಾಯ ಬರೆದರು. ‘ನನ್ನ ಹಿಂದಿನ ಅಭಿಪ್ರಾಯ ತಪ್ಪು’ ಎಂಬುದೇ ಮೊದಲ ವಾಕ್ಯ. ಜಿಲ್ಲಾಧಿಕಾರಿಗಳಿಗೆ ತಮ್ಮ ಆದೇಶವನ್ನು ತಾವೇ ತಿದ್ದುವ ಅಧಿಕಾರ ಕಾಯ್ದೆಯಲ್ಲಿಲ್ಲ. ಆದರೆ ಜಾರಿಯ ದಿನಾಂಕವನ್ನೂ ಅಪೀಲಿನ ಗಡುವನ್ನೂ ಆಕೆಗೆ ಪತ್ರ ಬರೆದು ತಿಳಿಸಲು ಯಾವ ಅಡ್ಡಿಯೂ ಇಲ್ಲ ಎಂದು ಮುಂದೆ ಬರೆದರು. ದಾದಾಸಾಬರು ಸಹಿ ಹಾಕಲಿಲ್ಲ, ಕಳಿಸಬೇಡ ಎಂದೂ ಅನ್ನಲಿಲ್ಲ. ಜಯಪಾಲರು ಮೊದಲ ಸಲ ತಮ್ಮ ಹೆಸರಿನಲ್ಲೇ ಸಹಿ ಹಾಕಿ, ಕಡತವನ್ನು ಬಗಲಲ್ಲಿಟ್ಟುಕೊಂಡು ತಾವೇ ಜಿಲ್ಲಾಧಿಕಾರಿ ಕಚೇರಿಗೆ ಒಯ್ದರು. ಅಲ್ಲಿಯ ಮಹಿಳಾ ಉಪಜಿಲ್ಲಾಧಿಕಾರಿ ಅದನ್ನು ಎರಡು ಸಲ ಓದಿದರು. ಇಂಥ ಕಾಗದ ತಾವು ಇದುವರೆಗೆ ನೋಡಿಲ್ಲ ಎಂದರು. ಸಂಜೆಯೊಳಗೆ ಪತ್ರ ತಯಾರಾಗಿ, ಊರಿನ ಕಂದಾಯ ನೋಡುವ ತಲಾಠಿಯ ಕೈಯಲ್ಲಿ ಹಳ್ಳಿಗೆ ಹೊರಟಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶನಿವಾರ ವಿಚಾರಿಸಿದರೂ ಅಪೀಲು ಬಂದ ಸುದ್ದಿಯಿರಲಿಲ್ಲ. ಮಂಗಳವಾರ ಗಡುವು. ಭಾನುವಾರ ಜಯಪಾಲರು ಮಿರಜದ ಸ್ಟ್ಯಾಂಡಿನ ಹೊರಗಿಂದ ಹತ್ತು ಹದಿನೈದು ಜನರನ್ನು ತುಂಬಿಕೊಂಡು ಹೋಗುವ ವಡಾಪ್ ಜೀಪು ಹತ್ತಿದರು. ದಾರಿಯಲ್ಲಿ ಒಮ್ಮೆ ಇಳಿದೂಬಿಟ್ಟರು. ಸರ್ಕಾರದ ವಕೀಲ ಎದುರಿನವರ ಮನೆಗೆ ಹೋಗುವುದು ಸರಿಯೇ ಎಂದು ಒಂದು ಬೇವಿನ ಮರದ ಕೆಳಗೆ ನಿಂತು ಯೋಚಿಸಿ, ಹಿಂದೆ ಬಂದ ಇನ್ನೊಂದು ಜೀಪು ಹತ್ತಿ ಮುಂದೆ ಹೋದರು.

ಮಂದಾ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅತ್ತೆ ಹೌಸಾಬಾಯಿ ಕಟ್ಟೆಯ ಮೇಲೆ, ಪಕ್ಕದಲ್ಲಿ ಎರಡು ವರ್ಷದ ಹುಡುಗಿ.

“ಕುಂದ್ರಿ. ಯಾರು ಬೇಕಾಗಿತ್ತು?” ಎಂದಳು ಮಂದಾ.

“ಕಚೇರಿಯಿಂದ ಪತ್ರ ಬಂತಲ್ಲ, ಅದರ ಸಲುವಾಗಿ ಬಂದೇನಿ.”

“ಬಂತ್ರಿ. ಓದೇನಿ. ನನಗ ಇನ್ನ ಆ ಗದ್ದಲ ಬ್ಯಾಡ.”

ಹೌಸಾಬಾಯಿ ನಡುವೆ ಬಾಯಿ ಹಾಕಿದರು. “ಊರಾಗ ಈ ಕೂಸಿಗೆ ಏನಂತಾರ ಗೊತ್ತೈತೇನ್ರಿ? ಅವ್ವನ ಕುರ್ಚಿ ತಿಂದಾಕಿ ಅಂತಾರ. ಅದಕ್ಕ ಮಾತs ಬರೂದಿಲ್ಲ ಇನ್ನೂ.”

ಜಯಪಾಲರು ಕೂತಲ್ಲಿಂದ ಎದ್ದರು. “ಕೂಸಿನ ತಪ್ಪಿಲ್ಲ. ನಿಮ್ಮದೂ ಇಲ್ಲ. ಕಾಯ್ದೇ ಪ್ರಕಾರ ಹೇಳಬಾರದು, ಆದ್ರೂ ಹೇಳತೇನಿ. ಆ ಅಭಿಪ್ರಾಯ ಬರದಾಂವ ನಾನs. ದಿನಾಂಕ ತಪ್ಪು ಹಿಡದೆ.”

ಮಂದಾಳ ಕೈ ನಿಂತಿತು. “ತಪ್ಪಾತು ಅಂತ ಬರದು ಕೊಟ್ರೇನು?”

“ಕೊಟ್ಟೇನಿ.”

“ಯಾರಿಗೆ?”

“ಸರಕಾರಕ್ಕ.”

ಆಕೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. “ಅಲ್ಲಿ ಗುಡಿ ಮುಂದ ಮಂದಿ ಕೂತಾರ. ಅವರಿಗೂ ಹೇಳ್ರಿ. ಆಮ್ಯಾಲ ನಾ ಪುಣೆಗೆ ಹೋಗೂ ವಿಚಾರ ಮಾಡತೇನಿ.”

ಜಯಪಾಲರು ಆಕೆಯ ಹಿಂದೆ ಗುಡಿಯವರೆಗೆ ನಡೆದರು. ಕೋರ್ಟಿನಲ್ಲಿ ಎಂದೂ ತಡವರಿಸದವರು ಅಲ್ಲಿ ಎರಡು ಸಲ ಮಾತು ನುಂಗಿದರು. ತಾವು ಯಾರು, ಏನು ಬರೆದಿದ್ದರು, ಎಲ್ಲಿ ತಪ್ಪಿದರು, ಕೂಸು ಹುಟ್ಟುವಾಗ ಗಡುವಿಗೆ ಎಷ್ಟು ದಿನ ಉಳಿದಿತ್ತು, ಎಲ್ಲವನ್ನೂ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳಿದರು. ಕೂತವರಲ್ಲಿ ಧೋಂಡಪ್ಪನೂ ಇದ್ದ. ಅವನು ಅವರ ಪೂರ್ತಿ ಹೆಸರು ಕೇಳಿ, ಜೇಬಿನ ಡೈರಿಯಲ್ಲಿ ಬರೆದುಕೊಂಡ.

ಸೋಮವಾರ ಮಂದಾ ಮಿರಜದಿಂದ ಮುಂಜಾನೆಯ ರೈಲಿಗೆ ಪುಣೆಗೆ ಹೋಗಿ ಅಪೀಲು ಸಲ್ಲಿಸಿದಳು. ಸರ್ಕಾರ ವಿರೋಧಿಸಲಿಲ್ಲ. ನಾಲ್ಕು ತಿಂಗಳ ಮೇಲೆ ಆದೇಶ ರದ್ದಾಗಿ ಆಕೆ ಮತ್ತೆ ಸರಪಂಚಳಾದಳು. ಅಷ್ಟರಲ್ಲಿ, ಸರ್ಕಾರದ ವಕೀಲರೇ ಗುಪ್ತ ಅಭಿಪ್ರಾಯವನ್ನು ಬಯಲು ಮಾಡಿದರೆಂಬ ಧೋಂಡಪ್ಪನ ದೂರು ತಲುಪಬೇಕಾದಲ್ಲಿ ತಲುಪಿತ್ತು. ಹೊಸ ಪಟ್ಟಿಯಲ್ಲಿ ಜಯಪಾಲರ ಹೆಸರಿರಲಿಲ್ಲ. ದೂರು ಸುಳ್ಳಲ್ಲದ ಕಾರಣ ಅವರು ಎಲ್ಲಿಯೂ ತಕರಾರು ಮಾಡಲಿಲ್ಲ. ದಾದಾಸಾಬರು ಬೀಳ್ಕೊಡುವಾಗ ಕೈಹಿಡಿದು, ಇಷ್ಟು ಮಾಡಬೇಕಿರಲಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಮಿರಜದಲ್ಲಿ ಸ್ವಂತ ಆಫೀಸು ತೆಗೆದ ಮೇಲೆ ಮನಸ್ಸು ಹಗುರಾದೀತು ಎಂದು ಶಾಲನ ಕಾದರು. ಹಾಗೇನೂ ಆಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಹಾಗೆ ಅರ್ಧ ಗಂಟೆಯಲ್ಲಿ ಬರೆದವು ಇನ್ನೆಷ್ಟು, ಅವುಗಳಲ್ಲಿ ಯಾರ ಹೊಲ ಹೋಯಿತು, ಯಾರ ನೌಕರಿ ಹೋಯಿತು ಎಂಬ ವಿಚಾರ ಅವರನ್ನು ಹಿಡಿದುಕೊಂಡಿತು. ಕಡತಗಳು ಸರ್ಕಾರದ ಕಪಾಟಿನಲ್ಲಿದ್ದವು. ಇನ್ನು ಅವರಿಗೆ ನೋಡಲು ಸಿಗುವಂತಿರಲಿಲ್ಲ. ಒಂದು ಭಾನುವಾರ ಅವರು ದೊಡ್ಡ ವಹಿಯೊಂದನ್ನು ತಂದು, ನೆನಪಿದ್ದ ಅಭಿಪ್ರಾಯಗಳನ್ನು ವರ್ಷದ ಪ್ರಕಾರ ಬರೆಯತೊಡಗಿದರು. ಇನ್ನೂರು ದಾಟಿದ ಮೇಲೆ ಶಾಲನ ಪಕ್ಕದಲ್ಲಿ ಬಂದು ಕೂತು, “ನೀವು ಹೇಳ್ರಿ, ನಾ ಬರೀತೇನಿ,” ಎಂದು ಪೆನ್ನು ಇಸಿದುಕೊಂಡರು. ಅವರು ಎದ್ದು ಅಡ್ಡಾಡುತ್ತ ಮುಂದಿನದನ್ನು ಹೇಳತೊಡಗಿದರು.