ಹೆಸರು ಮುಚ್ಚಿದ ಕವಿತೆಗಳ ಜಾಡಿನಲ್ಲಿ ಒಂದು ದಿನ

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಕೂಡ್ಲಿಗಿಯಿಂದ ಕೊಟ್ಟೂರಿನ ಬಸ್ಸು ಹತ್ತಿದೆವು. ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳು, ಬಿಸಿಯೂಟದ ಅಡುಗೆಯ ಹಂಪಮ್ಮ, ನಾನು. ಏಳು ಹುಡುಗಿಯರಿಗೂ ಹಂಪಮ್ಮನಿಗೂ ಬಸ್ಸು ಪುಕ್ಕಟೆ. ಗಂಡುಹುಡುಗರ ಪರವಾಗಿ ಮಾರುತಿ ಗೊಣಗಿದ: "ನಿಮಗ ಆಧಾರ್ ಕಾರ್ಡು, ನಮಗ ಹಣೆಬರಹ."

ನಾನು ಆ ಶಾಲೆಯ ಗುಮಾಸ್ತ. ಕನ್ನಡ ಕಲಿಸುತ್ತಿದ್ದವಳು ನನ್ನ ಹೆಂಡತಿ ಸರೋಜ. ಆಷಾಢದಲ್ಲಿ ತೀರಿಕೊಂಡಳು. ಈ ಪ್ರವಾಸ ಅವಳು ಗೊತ್ತುಮಾಡಿದ್ದು. ಹೊಸ ಟೀಚರು ಬಂದ ಮೇಲೆ ನೋಡೋಣ ಎಂದು ಹೆಡ್‌ಮಾಸ್ತರು ಹೇಳಿದ್ದರು. ಮಕ್ಕಳು ದಿನಾ ಆಫೀಸಿನ ಕಿಟಕಿಗೆ ಬಂದು "ಸರ್, ಟೂರು?" ಎಂದು ಕೇಳುತ್ತಿದ್ದರು. ಕೊನೆಗೆ ನಾನೇ ಅರ್ಜಿ ಬರೆದೆ.

ಸರೋಜಳದೊಂದು ಪದ್ಧತಿ ಇತ್ತು. ಹೊಸ ಪದ್ಯ ಶುರುಮಾಡುವ ಮೊದಲು ಕವಿಯ ಹೆಸರಿನ ಮೇಲೆ ಕಂದು ಕಾಗದದ ಪಟ್ಟಿ ಅಂಟಿಸುವುದು. ಪದ್ಯ ಹೇಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳಿಸಿಕೊಂಡು ಮಕ್ಕಳೇ ಇದು ಇಂಥವರದು ಎನ್ನಬೇಕು. ಹರಪನಹಳ್ಳಿಯ ನಿವೃತ್ತ ಪಂಡಿತರು ರಾಚಯ್ಯ ಮಾಸ್ತರು, ಷಟ್ಪದಿಯಲ್ಲಿ ಬರೆಯುವವರು, ಇದನ್ನು ಕೇಳಿ ಅವಳಿಗೊಂದು ಕಾಗದ ಹಾಕಿದ್ದರು: "ಹೆಸರು ಮುಚ್ಚಿ ಕಾವ್ಯ ಕಲಿಸುವುದು ಹುಡುಗಾಟ. ಮಕ್ಕಳನ್ನು ಕರೆತನ್ನಿ, ಪರೀಕ್ಷೆ ಮಾಡುತ್ತೇನೆ." ಸರೋಜ ಒಪ್ಪಿದಳು. ದಾರಿಯ ಮೂರು ಊರುಗಳ ಮೂವರು ಕವಿಗಳಿಂದ ಹೊಸ ಪದ್ಯ ಕೇಳಿ ಪಡೆದು, ತಾನೇ ನಕಲು ಮಾಡಿ, ಹೆಸರಿಲ್ಲದೆ ಮಾಸ್ತರಿಗೆ ಕಳಿಸಿದಳು. ಮಕ್ಕಳು ಆ ಕವಿಗಳನ್ನು ಕಂಡು, ಕೇಳಿ, ಸಂಜೆಗೆ ಹರಪನಹಳ್ಳಿಯಲ್ಲಿ ಉತ್ತರ ಹೇಳಬೇಕು. ಮಕ್ಕಳು ಸೋತರೆ ಅವಳ ಎರಡು ವರ್ಷದ ಪಾಠ ಹುಡುಗಾಟವೇ ಆಗಿಬಿಡುತ್ತಿತ್ತು. ವಾದಿಸಲು ಅವಳಿರಲಿಲ್ಲ.

ಹೊರಡುವಾಗ ಅವಳ ಕೊಡೆ ಕೈಗೆತ್ತಿಕೊಂಡೆ. ಅದರ ಗುಂಡಿ ಹಿಡಿದುಕೊಳ್ಳುತ್ತದೆ. ಅವಳು ಬೈದೇ ಅದನ್ನು ಬಿಚ್ಚುತ್ತಿದ್ದಳು. ನನಗೇ ಬೈದಳೆಂದು ನಾನು ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಕೊಟ್ಟೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಬೀಸುವ ಪದ ಕಟ್ಟುವ ಮುದುಕಿಯ ಮನೆಗೆ ಹೋದೆವು. ಗುಮಾಸ್ತನ ಅಭ್ಯಾಸ, ಬಾಗಿಲಲ್ಲೇ "ಮಕ್ಕಳೇ, ಇವರ ಹೆಸರು..." ಎಂದು ಶುರುಮಾಡಿದೆ. ಹನ್ನೊಂದು ಮಕ್ಕಳೂ ಕಿವಿ ಮುಚ್ಚಿಕೊಂಡರು.

"ಹೆಸರು ಹೇಳಬ್ಯಾಡ್ರಿ ಸರ್! ಮೊದಲು ಪದ!" ಎಂದಳು ರೇಣುಕಾ. ತರಗತಿಯಲ್ಲಿ ಎಲ್ಲರಿಗಿಂತ ಸಣ್ಣವಳು, ದನಿ ಎಲ್ಲರಿಗಿಂತ ದೊಡ್ಡದು.

ಮುದುಕಿ ನಕ್ಕು ಬೀಸುಕಲ್ಲಿನ ಗೂಟ ಹಿಡಿದಳು.

"ಸುತ್ತು ಬಂದೇನವ್ವ, ತವರ ಕಾಣವಲ್ದು
ಸುತ್ತು ಬಂದೇನವ್ವ, ಹಿಟ್ಟ ನಿಲ್ಲವಲ್ದು"

ಸಾಲಿನ ಅರ್ಧ ಅಲ್ಲಲ್ಲೇ ಸುತ್ತುತ್ತದೆ, ಇನ್ನರ್ಧ ಮುಂದೆ ಹೋಗುತ್ತದೆ. ಮಕ್ಕಳು ಕೈ ತಿರುಗಿಸುತ್ತ ಕೇಳಿದರು. ಆಮೇಲೆ ಮುದುಕಿ ನನ್ನತ್ತ ನೋಡಿದಳು. "ನಾ ಎಂಥಾ ಕವಿಯೋ ಯಪ್ಪಾ, ರಟ್ಟಿ ನೋವು ಮರೀಲಿಕ್ಕೆ ಹಾಡಿದ್ದು. ಆ ಟೀಚರಮ್ಮ ಎಲ್ಲಿ? ಆಕಿನ್ನ ಯಾಕ ಕರಕೊಂಡು ಬಂದಿಲ್ಲ?"

ಹೇಳಿದೆ. ಕಲ್ಲು ನಿಂತಿತು. ಆಮೇಲೆ ಅವಳೇ, "ಹಂಗಾರ ಇನ್ನೊಂದು ಹಾಡ್ತೀನಿ, ಹುಡುಗ್ರು ಗೆಲ್ಲಬೇಕಲ್ಲ" ಎಂದು ಮತ್ತೆ ಗೂಟಕ್ಕೆ ಕೈ ಹಾಕಿದಳು.

ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರು ಕಾಯುತ್ತಿದ್ದರು. ಅವರ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಟಿಕೆಟ್ಟಿನ ಬೆನ್ನಿನ ಮೇಲೆ ಬರೆಯುತ್ತಾರೆ. ಮೂರು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಚಹಾ ಆರಿಸುತ್ತ ಓದಿದರು:

"ಕೊನೆ ಸ್ಟಾಪು.
ಎಲ್ಲರೂ ಇಳಿದರು.
ಸೀಟು ಇನ್ನೂ ಬೆಚ್ಚಗೆ."

"ಮುಗೀತಾ?" ಎಂದ ಮಾರುತಿ.

"ಮುಗೀತು. ಉಳಿದಿದ್ದು ನೀನು ನಡಕೊಂತ ಹೋಗು" ಎಂದು ಕಂಡಕ್ಟರು ಸೀಟಿ ಊದಿದರು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ನಾನು ಮಾತ್ರ ಆ ಮೂರನೆಯ ಸಾಲಿನಲ್ಲೇ ಉಳಿದೆ. ನಮ್ಮ ಬಸ್ಸು ಬಂದಾಗ ಹಂಪಮ್ಮ ತೋಳು ಹಿಡಿದು ಎಬ್ಬಿಸಬೇಕಾಯಿತು.

ಹೂವಿನಹಡಗಲಿ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕೊಡೆ ಬಿಚ್ಚಲಿಲ್ಲ. ಮರದ ಕೆಳಗೆ ಹಂಪಮ್ಮನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹೂವಿನ ಅಂಗಡಿಯ ಹೆಂಗಸು ಮಲ್ಲಿಗೆ ಕಟ್ಟುತ್ತಲೇ ಪದ್ಯ ಹೇಳಿದಳು, ತಲೆ ಎತ್ತಲಿಲ್ಲ:

"ಮೊಗ್ಗಿಗೆ ದಾರ ಸಾಲದು
ದಾರಕ್ಕೆ ಬೆರಳು ಸಾಲದು
ಬೆರಳಿಗೆ ಹಗಲು ಸಾಲದು"

"ಒಂದು ಸಾಲಿನ ಕುತ್ತಿಗಿಗೆ ಇನ್ನೊಂದು ಸಾಲು ಗಂಟು ಹಾಕ್ಯಾರ" ಎಂದಳು ರೇಣುಕಾ. ಆ ಹೆಂಗಸು ಆಗ ತಲೆ ಎತ್ತಿದಳು. ಒಂದು ಮಾರು ಹೂವು ಹರಿದು ಏಳು ಜಡೆಗೂ ಮುಡಿಸಿದಳು.

ಹರಪನಹಳ್ಳಿ ಸೇರಿದಾಗ ನಾಲ್ಕು ಗಂಟೆ. ರಾಚಯ್ಯ ಮಾಸ್ತರು ಜಗಲಿಯ ಮೇಲೆ ಲಕೋಟೆ ಹಿಡಿದು ಕೂತಿದ್ದರು. ನೀರು ಕೊಟ್ಟು, ಕುಶಲ ಕೇಳಿ, "ಆಯಮ್ಮ ಇಲ್ಲ ಅಂತ ಪರೀಕ್ಷೆ ಸಡಿಲ ಮಾಡಲ್ಲ ನಾನು" ಎಂದರು.

"ಮಾಡಬೇಡಿ" ಎಂದೆ.

ಮೊದಲ ಪದ್ಯ ಓದಿದರು. ಎರಡನೆಯ ಸಾಲಿಗೇ ಹುಡುಗಿಯರ ಕೈ ತಿರುಗತೊಡಗಿದವು. "ಬೀಸೋ ಅಜ್ಜಿ!" ಸರಿ. ಎರಡನೆಯದಕ್ಕೆ ಮಾರುತಿ ಅವಸರ ಮಾಡಿ "ಕಂಡಕ್ಟರ್!" ಎಂದುಬಿಟ್ಟ. ಮಾಸ್ತರು ಹುಬ್ಬೇರಿಸಿದರು.

"ಲೇ, ಸಣ್ಣದಿದ್ರ ಕಂಡಕ್ಟರದಾ? ಗಂಟು ನೋಡಲೇ!" ಎಂದು ರೇಣುಕಾ ಅವನ ತಲೆಗೆ ಮೊಟಕಿ, "ಹೂವಿನೋರದು ರೀ ಅಜ್ಜಾರ, ಇವ ಹೇಳಿದ್ದು ಹಿಡೀಬ್ಯಾಡ್ರಿ" ಎಂದಳು. ಮಾಸ್ತರು ನಕ್ಕು ಒಪ್ಪಿದರು. ಮೂರನೆಯದನ್ನು ಮಾರುತಿಯೇ ಸರಿಯಾಗಿ ಹೇಳಿ ಮಾನ ಉಳಿಸಿಕೊಂಡ.

ಗೆದ್ದೆವು ಎಂದು ನಾನು ಏಳಬೇಕು, ಅಷ್ಟರಲ್ಲಿ ಮಾಸ್ತರು ಲಕೋಟೆಯಿಂದ ಇನ್ನೊಂದು ಹಾಳೆ ತೆಗೆದರು. "ಇದೊಂದು ಐತೆ. ಯಾರದು ಅಂತ ಆಯಮ್ಮ ನನಗೂ ಬರೆದಿಲ್ಲ."

"ಏನು ಗಡಿಯಾರವೇ, ನಿನಗೇಕೆ ಇಷ್ಟು ಸೊಕ್ಕು?
ಇರೋದೇ ಎರಡು ಕಾಲು, ಅದರಲ್ಲೊಂದು ಕುಂಟು.
ಹೊತ್ತಾಗುತ್ತಿರುವುದು ನನಗೆ, ಓಡುವವಳು ನಾನು.
ನೀನು ಕೂತು ಚಹಾ ಕುಡಿ."

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

"ಮೇಡಂದು" ಎಂದಳು ರೇಣುಕಾ, ಮೊದಲ ಸಲ ಸಣ್ಣ ದನಿಯಲ್ಲಿ. "ಮೇಡಂ ಚಾಕ್‌ಪೀಸಿಗೆ ಹಿಂಗಾ ಬೈತಿದ್ರು. ಬೋರ್ಡಿಗೂ ಬೈತಿದ್ರು. ಆಮ್ಯಾಲೆ ಕೈಲಿಂದ ಅದನ್ನ ಸವರ್ತಿದ್ರು."

ಸರೋಜ ಪದ್ಯ ಬರೆಯುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಸ್ಟವ್ವಿಗೆ, ಕೊಡೆಗೆ, ಬಾಗಿಲಿನ ಚಿಲಕಕ್ಕೆ ಅವಳು ಬೈದಿದ್ದನ್ನು ಸಿಟ್ಟು ಎಂದೇ ತಿಳಿದಿದ್ದೆ. ಮಕ್ಕಳಿಗೆ ಎರಡು ವರ್ಷ ಸಾಕಾಗಿತ್ತು.

ಮಾಸ್ತರು ಎದ್ದು ನಿಂತರು. "ನಾನು ಸೋತೆ ಕಣ್ರಪ್ಪಾ" ಎಂದು ಮಕ್ಕಳಿಗೆ ಕೈಮುಗಿದರು. ಜಗಲಿ ಹಾರಿಹೋಗುವಂತೆ ಕೂಗೆದ್ದಿತು. ಹಾಳೆ, ಪೆನ್ನು ನನ್ನ ಕೈಗಿಟ್ಟು "ಹೆಸರು ಬರೀರಿ" ಎಂದರು. ಜೀವಮಾನವೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರು ಬರೆದವನು ನಾನು. ಅಷ್ಟು ನಿಧಾನವಾಗಿ ಯಾವ ಹೆಸರನ್ನೂ ಬರೆದಿರಲಿಲ್ಲ. ಶಾಯಿ ಆರುವ ತನಕ ಕಾದು ರೇಣುಕಾ ಚೀಲದಿಂದ ಕಂದು ಪಟ್ಟಿಯೊಂದನ್ನು ತೆಗೆದು ಅದರ ಮೇಲೆ ಅಂಟಿಸಿದಳು.

"ಬರೋ ವರ್ಷದೋರು ಕೇಳಿ ಹೇಳಲಿ ಸರ್."

ಕೂಡ್ಲಿಗಿಯಲ್ಲಿ ಇಳಿದಾಗ ಮಬ್ಬುಗತ್ತಲೆ, ಜಿಟಿಜಿಟಿ ಹನಿ. ಹಾಳೆ ನೆನೆಯಬಾರದೆಂದು ಅಂಗಿಯೊಳಗಿಟ್ಟು ಕೊಡೆಯ ಗುಂಡಿ ಒತ್ತಿದೆ. ಬಿಚ್ಚಲಿಲ್ಲ. ಮತ್ತೆ ಒತ್ತಿದೆ.

"ಏನವ್ವಾ ಮಹಾರಾಣಿ, ಬೆಳಿಗ್ಗಿನಿಂದ ನಿನ್ನನ್ನ ಹೊತ್ತುಕೊಂಡು ನಾಕೂರು ತಿರುಗೀನಿ. ಈಗರ ಬಿಚ್ಚಿಕೋತಿಯೋ ಇಲ್ಲೋ?"

ಬೆನ್ನ ಹಿಂದಿನಿಂದ ಹನ್ನೊಂದು ದನಿಗಳು ಒಟ್ಟಿಗೇ ಕೂಗಿದವು: "ಸರೋಜಾ ಮೇಡಂ!"

ಕೊಡೆ ಬಿಚ್ಚಿಕೊಂಡಿತು.